ಟಯರಿನ ಹಳದಿ ದೀಪ ಮತ್ತು ಗ್ಯಾರೇಜಿನ ಉಪಕರಣ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕುದುರೆಲಾಳದಂತಹ ಆಕೃತಿ, ಅದರ ನಡುವೆ ಆಶ್ಚರ್ಯಸೂಚಕ ಚಿಹ್ನೆ, ಹಳದಿ ಬೆಳಕು. ಟಯರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂಬ ಈ ಸೂಚನೆಯನ್ನು ನಮ್ಮ ಕಡೆಯ ವಾಹನ ಮಾಲಿಕರು ಈಗ ಚೆನ್ನಾಗಿ ಬಲ್ಲರು. ಗಾಳಿ ತುಂಬಿಸಿದ ಮೇಲೂ ದೀಪ ಆರದಿದ್ದರೆ ಏನು ಮಾಡಬೇಕೆಂಬುದು ಮಾತ್ರ ಕುಂಬಳೆ, ಬದಿಯಡ್ಕ, ಮುಳ್ಳೇರಿಯಗಳ ಸಣ್ಣ ಗ್ಯಾರೇಜುಗಳಲ್ಲಿ ಇನ್ನೂ ಬಗೆಹರಿಯದ ಪ್ರಶ್ನೆಯಾಗಿ ಉಳಿದಿದೆ. "ಇದು ನಮ್ಮಲ್ಲಿ ಆಗುವ ಕೆಲಸವಲ್ಲ, ಮಂಗಳೂರಿಗೆ ಕೊಂಡುಹೋಗಿ" ಎಂದು ಹೇಳಿ ಕಳುಹಿಸುವವರೇ ಹೆಚ್ಚು. ಹಾಗೆ ಒಮ್ಮೆ ಮಂಗಳೂರಿಗೆ ಹೋದ ಗಿರಾಕಿ ಮುಂದಿನ ಸಲ ಎಂಜಿನ್ ಆಯಿಲ್ ಬದಲಾಯಿಸುವುದಕ್ಕೂ ಅಲ್ಲಿಗೇ ಹೋಗುತ್ತಾನೆ ಎಂಬುದನ್ನು ಗ್ಯಾರೇಜು ನಡೆಸುವವರಿಗೆ ನಾವು ಹೇಳಬೇಕಾಗಿಲ್ಲ.

ಗಲ್ಫಿನಲ್ಲಿ ಕೆಲವು ವರ್ಷ ದುಡಿದು, ಊರಿಗೆ ಮರಳಿ ಸ್ವಂತ ಗ್ಯಾರೇಜು ತೆರೆದಿರುವ ವಾಚಕರೊಬ್ಬರು ಈ ಕುರಿತು ಬರೆದು ಕೇಳಿದ್ದಾರೆ. ಟಯರಿನ ಸೆನ್ಸರ್ ಪರೀಕ್ಷಿಸುವ ಉಪಕರಣಗಳಲ್ಲಿ ಕೆಲವೇ ಸಾವಿರ ರೂಪಾಯಿಯವೂ ಇವೆ, ಅರ್ಧ ಲಕ್ಷವನ್ನು ದಾಟುವವೂ ಇವೆ. ಯಾವುದನ್ನು ಕೊಳ್ಳಬೇಕು ಎಂಬುದು ಅವರ ಪ್ರಶ್ನೆ. ಸಾಲ ಮಾಡಿ ಕೊಳ್ಳುವ ಸಾಧನವಾದುದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲು ವ್ಯವಸ್ಥೆಯ ಸ್ವರೂಪ. ಟಿಪಿಎಂಎಸ್ ಎಂದು ಕರೆಯಲ್ಪಡುವ ಇದರಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಚಕ್ರದೊಳಗೆ ಯಾವ ಸೆನ್ಸರೂ ಇರುವುದಿಲ್ಲ. ಗಾಳಿ ಇಳಿದ ಟಯರಿನ ಸುತ್ತಳತೆ ತುಸು ಕಿರಿದಾಗುವುದರಿಂದ ಆ ಚಕ್ರ ಉಳಿದವುಗಳಿಗಿಂತ ಬೇಗ ತಿರುಗುತ್ತದೆ. ಎಬಿಎಸ್ ಬ್ರೇಕಿಗಾಗಿ ಇಟ್ಟಿರುವ ವೇಗದ ಸೆನ್ಸರುಗಳು ಆ ವ್ಯತ್ಯಾಸವನ್ನು ಕಂಡುಹಿಡಿದು ದೀಪ ಬೆಳಗಿಸುತ್ತವೆ. ಫೋಕ್ಸ್‌ವ್ಯಾಗನ್, ಸ್ಕೋಡಾ ವಾಹನಗಳಲ್ಲಿ ಹೆಚ್ಚಾಗಿ ಇರುವುದು ಇದೇ ಪರೋಕ್ಷ ಪದ್ಧತಿ. ಇದಕ್ಕೆ ನಮ್ಮ ಉಪಕರಣದ ಅಗತ್ಯವೇ ಇಲ್ಲ. ನಾಲ್ಕೂ ಚಕ್ರಗಳಿಗೆ ಸರಿಯಾಗಿ ಗಾಳಿ ಹಾಕಿ, ವಾಹನದ ಗುಂಡಿಯನ್ನೋ ಪರದೆಯ ಮೆನುವನ್ನೋ ಬಳಸಿ ರೀಸೆಟ್ ಮಾಡಿದರೆ ಸಾಕು. ನಾಲ್ಕೂ ಟಯರುಗಳಲ್ಲಿ ಗಾಳಿ ಒಂದೇ ಸಮನಾಗಿ ಇಳಿದರೆ ಅದು ಸುಲಭವಾಗಿ ಗುರುತಿಸಲಾರದು ಎಂಬುದು ಅದರ ದೌರ್ಬಲ್ಯ.

ಎರಡನೆಯದು ನೇರ ಪದ್ಧತಿ. ಇಲ್ಲಿ ಪ್ರತಿಯೊಂದು ಚಕ್ರದ ಒಳಗೂ ವಾಲ್ವಿಗೆ ಹೊಂದಿಕೊಂಡು ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಒತ್ತಡ, ಉಷ್ಣಾಂಶಗಳನ್ನು ಅಳೆಯುವ ಸಾಧನ, ರೇಡಿಯೋ ಪ್ರಸಾರಕ ಮತ್ತು ಒಂದು ಬ್ಯಾಟರಿ. ಪ್ರತಿ ಸೆನ್ಸರಿಗೂ ತನ್ನದೇ ಗುರುತಿನ ಸಂಖ್ಯೆ ಉಂಟು. ಹ್ಯುಂಡೈ ಸಂಸ್ಥೆ 'ಹೈಲೈನ್' ಎಂದೂ ಮಹೀಂದ್ರ ಸಂಸ್ಥೆ 'ಟೈರ್‌ಟ್ರಾನಿಕ್ಸ್' ಎಂದೂ ಹೆಸರಿಟ್ಟದ್ದು ಇದಕ್ಕೇ. ಗಿರಾಕಿಯ ಪರದೆಯಲ್ಲಿ ನಾಲ್ಕು ಚಕ್ರಗಳ ಒತ್ತಡ ಬೇರೆ ಬೇರೆ ಅಂಕಿಗಳಲ್ಲಿ ಕಾಣುತ್ತಿದ್ದರೆ ಒಳಗೆ ಸೆನ್ಸರ್ ಇದೆಯೆಂದೇ ಸಾಮಾನ್ಯವಾಗಿ ತಿಳಿಯಬಹುದು. ಬ್ಯಾಟರಿಯನ್ನು ಒಳಗೇ ಮುಚ್ಚಿ ಬೆಸೆದಿರುವುದರಿಂದ ಅದನ್ನು ಬದಲಾಯಿಸುವಂತಿಲ್ಲ. ಐದರಿಂದ ಹತ್ತು ವರ್ಷಗಳಲ್ಲಿ ಅದು ಮುಗಿದಾಗ ಇಡೀ ಸೆನ್ಸರನ್ನೇ ಹೊಸದಾಗಿ ಹಾಕಬೇಕು. ಉಪಕರಣದ ಪ್ರಶ್ನೆ ಹುಟ್ಟುವುದು ಇಲ್ಲಿ.

ಉಪಕರಣ ಕೈಯಲ್ಲಿರಲಿ, ಇಲ್ಲದಿರಲಿ, ದೀಪದ ಭಾಷೆ ತಿಳಿದಿರಬೇಕು. ಇಂಜಿನ್ ಚಾಲೂ ಮಾಡಿದ ಕೂಡಲೇ ಸ್ಥಿರವಾಗಿ ಬೆಳಗಿದರೆ ಗಾಳಿ ಕಡಿಮೆ ಎಂದರ್ಥ. ಒಂದು ನಿಮಿಷದಿಂದ ಒಂದೂವರೆ ನಿಮಿಷದವರೆಗೆ ಮಿನುಗಿ, ಅನಂತರ ಸ್ಥಿರವಾದರೆ ವ್ಯವಸ್ಥೆಯಲ್ಲೇ ದೋಷವಿದೆ, ಬಹುಮಟ್ಟಿಗೆ ಯಾವುದೋ ಒಂದು ಸೆನ್ಸರ್ ಮಾತನಾಡುತ್ತಿಲ್ಲ ಎಂದರ್ಥ. ಉಷ್ಣಾಂಶ ಸುಮಾರು ಐದೂವರೆ ಡಿಗ್ರಿ ಇಳಿದರೆ ಟಯರಿನ ಒತ್ತಡ ಒಂದು ಪಿಎಸ್‌ಐಯಷ್ಟು ಇಳಿಯುತ್ತದೆ. ಜಾಲ್ಸೂರು, ಸಂಪಾಜೆ ದಾರಿಯಾಗಿ ಡಿಸೆಂಬರಿನಲ್ಲಿ ಮಡಿಕೇರಿಗೆ ಹೋಗಿ ತಂಗಿದವರಿಗೆ ಮರುದಿನ ಮುಂಜಾನೆ ದೀಪ ಕಾಣಿಸಿಕೊಂಡರೆ ಅದು ಚಳಿಯ ಕೆಲಸವಿರಬಹುದು; ಗಾಳಿಯಷ್ಟೇ ಸಾಕು, ಸೆನ್ಸರ್ ಮಾರಬೇಕಾಗಿಲ್ಲ.

ಈ ದೀಪ ಬರಿಯ ಅಲಂಕಾರವಲ್ಲ. ಫೈರ್‌ಸ್ಟೋನ್ ಟಯರು ಹಾಕಿದ್ದ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳು ಮಗುಚಿ ಅನೇಕರು ಸತ್ತ ಬಳಿಕ ಅಮೆರಿಕ 2000ದಲ್ಲಿ ಕಾಯಿದೆ ತಂದಿತು. 2007ರ ಸೆಪ್ಟೆಂಬರಿನಿಂದ ಅಲ್ಲಿನ ಎಲ್ಲ ಹೊಸ ಲಘು ವಾಹನಗಳಲ್ಲಿ ಇದು ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರಿನಿಂದ ಪ್ರತಿ ಹೊಸ ಕಾರಿಗೂ ಬಂತು. ನಮ್ಮ ದೇಶದಲ್ಲಿ ಬೇರೊಂದು ದಾರಿಯಿಂದ ಇದರ ಮಹತ್ವ ಏರಿದೆ. 2020ರಲ್ಲಿ ಕೇಂದ್ರ ಸರಕಾರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಟಯರ್ ದುರಸ್ತಿಯ ಕಿಟ್ಟೂ ಈ ವ್ಯವಸ್ಥೆಯೂ ಇರುವ ಟ್ಯೂಬ್‌ಲೆಸ್ ಟಯರಿನ ಕಾರುಗಳು ಸ್ಟೆಪ್ನಿಯನ್ನು ಹೊತ್ತು ತಿರುಗಬೇಕಾಗಿಲ್ಲ. ಅಂದರೆ ಸ್ಟೆಪ್ನಿಯೇ ಇಲ್ಲದ ಕಾರೊಂದು ಇರುಳಿನಲ್ಲಿ ಘಾಟಿ ಹತ್ತುವಾಗ ಅದರಲ್ಲಿರುವವರಿಗೆ ಮುನ್ನೆಚ್ಚರಿಕೆ ಕೊಡುವುದು ಈ ಸೆನ್ಸರ್ ಮಾತ್ರ. ಕೆಟ್ಟ ಸೆನ್ಸರನ್ನು ಕಿತ್ತೆಸೆದು ಸಾದಾ ವಾಲ್ವ್ ಹಾಕಿ, "ದೀಪ ಉರಿದರೆ ಉರಿಯಲಿ, ಏನೂ ಆಗುವುದಿಲ್ಲ" ಎಂದು ಕಳುಹಿಸುವ ಪದ್ಧತಿಯನ್ನು ನಾವು ಒಪ್ಪಲಾರೆವು. ಸದಾ ಉರಿಯುವ ದೀಪ ನಿಜವಾಗಿ ಗಾಳಿ ಇಳಿದ ದಿನ ಏನನ್ನೂ ಹೇಳುವುದಿಲ್ಲ.

ಇನ್ನು ಉಪಕರಣಕ್ಕೆ ಬರೋಣ. ನಿಂತ ವಾಹನದ ಸೆನ್ಸರ್ ಬ್ಯಾಟರಿ ಉಳಿಸಲೆಂದು ನಿದ್ರಿಸುತ್ತಿರುತ್ತದೆ. ಉಪಕರಣವನ್ನು ವಾಲ್ವಿನ ಬಳಿ ಹಿಡಿದು 125 ಕಿಲೋಹರ್ಟ್ಸ್‌ನ ಸಂಕೇತ ಕಳುಹಿಸಿದರೆ ಅದು ಎಚ್ಚೆತ್ತು ತನ್ನ ಗುರುತು, ಒತ್ತಡ, ಉಷ್ಣಾಂಶಗಳನ್ನು, ಮಾದರಿಯನ್ನವಲಂಬಿಸಿ ಬ್ಯಾಟರಿಯ ಸ್ಥಿತಿಯನ್ನೂ, ರೇಡಿಯೋ ಮೂಲಕ ತಿಳಿಸುತ್ತದೆ. ಎಚ್ಚರಿಸುವುದಷ್ಟನ್ನೇ ಮಾಡುವ ಉಪಕರಣ ಅತ್ಯಂತ ಅಗ್ಗದ್ದು. ಇಎಲ್-50448 ಎಂಬ ಹೆಸರಿನಲ್ಲಿ ಎಲ್ಲೆಡೆ ಮಾರಾಟವಾಗುವ ಸಣ್ಣ ಸಾಧನವನ್ನು ನೋಡಿ ಆಸೆಪಡುವವರಿದ್ದಾರೆ. ಅದು ಜನರಲ್ ಮೋಟಾರ್ಸ್ ವಾಹನಗಳಿಗಾಗಿ ರೂಪುಗೊಂಡದ್ದು. ಆ ಸಂಸ್ಥೆ ಭಾರತದಲ್ಲಿ ಷೆವರ್ಲೆ ಕಾರುಗಳ ಮಾರಾಟವನ್ನೇ 2017ರಲ್ಲಿ ನಿಲ್ಲಿಸಿತು. ನಮ್ಮ ಗ್ಯಾರೇಜಿಗೆ ಅದು ಆಟದ ಸಾಮಾನಿಗಿಂತ ಹೆಚ್ಚಿನದಲ್ಲ.

ಮಧ್ಯಮ ದರ್ಜೆಯ ಉಪಕರಣ ಇನ್ನೂ ಎರಡು ಕೆಲಸ ಮಾಡಬೇಕು: ಖಾಲಿ ಸೆನ್ಸರಿಗೆ ವಾಹನಕ್ಕೆ ಬೇಕಾದ ವಿವರವನ್ನು ಬರೆಯುವುದು, ಮತ್ತು ಓಬಿಡಿ ಕನೆಕ್ಟರಿನ ಮೂಲಕ ಆ ಹೊಸ ಗುರುತನ್ನು ವಾಹನದ ಕಂಪ್ಯೂಟರಿಗೆ ತಿಳಿಸುವುದು. ಕೆಲವು ವಾಹನಗಳು ಹತ್ತಿಪ್ಪತ್ತು ನಿಮಿಷ ಓಡಿಸಿದರೆ ತಾವಾಗಿಯೇ ಹೊಸ ಸೆನ್ಸರನ್ನು ಕಲಿತುಕೊಳ್ಳುತ್ತವೆ. ಜಪಾನೀ ಮೂಲದ ಅನೇಕ ಮಾದರಿಗಳಲ್ಲಿ ಓಬಿಡಿ ಇಲ್ಲದೆ ಕೆಲಸ ಮುಗಿಯುವುದಿಲ್ಲ. ಹಳೆಯ ಸೆನ್ಸರ್ ಇನ್ನೂ ಉಸಿರಾಡುತ್ತಿದ್ದರೆ ಅದರ ಸಂಖ್ಯೆಯನ್ನು ಓದಿ ಹೊಸದಕ್ಕೆ ನಕಲು ಮಾಡಬಹುದು. ಆಗ ವಾಹನಕ್ಕೆ ಬದಲಾವಣೆ ಗೊತ್ತೇ ಆಗುವುದಿಲ್ಲ. ಆದರೆ ಬ್ಯಾಟರಿ ಪೂರ್ಣವಾಗಿ ಸತ್ತ ಸೆನ್ಸರನ್ನು ಗಾಳಿಯಲ್ಲಿ ಓದಲಾಗದು. ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಅಂಥವೇ. ಆದುದರಿಂದ ಓಬಿಡಿ ಇಲ್ಲದ ಉಪಕರಣವನ್ನು ಬೆಲೆ ಕಡಿಮೆಯೆಂದು ಕೊಂಡರೆ ಬೇಕಾದ ದಿನವೇ ಅದು ಕೈಕೊಡುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಮಾರಾಟಗಾರರು ತಾವಾಗಿ ಹೇಳದ ವಿಷಯ ಒಂದಿದೆ: ಉಪಕರಣ ಯಾರ ಸೆನ್ಸರಿಗೆ ಬರೆಯಬಲ್ಲದು? ಆಟೆಲ್ ಸಂಸ್ಥೆಯ ಉಪಕರಣಗಳು ಬಳಸಲು ಸುಲಭ, ಪರದೆ ಚೊಕ್ಕ. ಆದರೆ ಅವು ಬರೆಯುವುದು ಆಟೆಲ್‌ನದೇ ಎಂಎಕ್ಸ್ ಸೆನ್ಸರಿಗೆ. ಅಟೆಕ್, ಬಾರ್ಟೆಕ್‌ಗಳಂತಹ ಸಂಸ್ಥೆಗಳ ಉಪಕರಣಗಳು ಹಲವು ತಯಾರಕರ ಖಾಲಿ ಸೆನ್ಸರುಗಳಿಗೆ ಬರೆಯಬಲ್ಲವು. ಮೊದಲನೆಯದು ತಪ್ಪು ಆಯ್ಕೆ ಎಂದಲ್ಲ. ಆದರೆ ಅದನ್ನು ಕೊಂಡವರು ಮುಂದಿನ ವರ್ಷಗಳಲ್ಲಿ ಸೆನ್ಸರನ್ನೂ ಅಲ್ಲಿಂದಲೇ ತರಬೇಕು. ಅದು ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ನಿರಂತರವಾಗಿ ಸಿಗುತ್ತದೆಯೇ ಎಂದು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ಉಪಕರಣ ಒಮ್ಮೆ ಕೊಳ್ಳುವಂಥದ್ದು, ಸೆನ್ಸರ್ ವಾರವಾರ ಬೇಕಾಗುವಂಥದ್ದು.

ಗಲ್ಫಿನಿಂದ ಬಂದವರಿಗೆ ವಿಶೇಷವಾಗಿ ಒಂದು ಮಾತು. ಷಾರ್ಜಾದ ಹಳೆಯ ಕಾರುಗಳ ಪೇಟೆಗೆ ಅಮೆರಿಕದಿಂದ ಬಂದ ವಾಹನಗಳು ಬಹಳ. ಅವುಗಳ ಸೆನ್ಸರುಗಳು ಹೆಚ್ಚಾಗಿ 315 ಮೆಗಾಹರ್ಟ್ಸ್‌ನಲ್ಲಿ ಮಾತನಾಡುತ್ತವೆ. ಯುರೋಪಿನಂತೆ ನಮ್ಮ ದೇಶದ ವಾಹನಗಳಲ್ಲಿ ಬಳಕೆಯಲ್ಲಿರುವುದು 433.92. ಒಳ್ಳೆಯ ಉಪಕರಣ ಎರಡನ್ನೂ ಬಲ್ಲದು. ಖಾಲಿ ಸೆನ್ಸರ್ ಕೊಳ್ಳುವಾಗ ಮಾತ್ರ ಎರಡರಲ್ಲಿ ಯಾವುದೆಂದು ನೋಡಬೇಕು. ಆದರೆ ತೊಡಕಿರುವುದು ವಾಹನಗಳ ಪಟ್ಟಿಯಲ್ಲಿ. ಅಲ್ಲಿ ಕೊಂಡು ಪೆಟ್ಟಿಗೆಯಲ್ಲಿಟ್ಟು ತಂದ ಉಪಕರಣದಲ್ಲಿ ಕ್ಯಾಮ್ರಿ, ಪೆಟ್ರೋಲ್, ಟಾಹೋಗಳು ವರ್ಷವಾರು ಇರುತ್ತವೆ. ಮಹೀಂದ್ರ, ಟಾಟಾಗಳ ಹೆಸರೇ ಇರಲಿಕ್ಕಿಲ್ಲ. ಒಂದೇ ಹೆಸರಿನ ಹ್ಯುಂಡೈ ಕಾರಿಗೂ ದೇಶದಿಂದ ದೇಶಕ್ಕೆ ಸೆನ್ಸರ್ ಬೇರೆಯಾಗಬಹುದು. ಭಾರತದ ಮಾದರಿಗಳ ಪಟ್ಟಿ ಉಪಕರಣದಲ್ಲಿ ಇದೆಯೇ, ಇಲ್ಲದಿದ್ದರೆ ಪ್ರದೇಶ ಬದಲಾಯಿಸಲು ತಯಾರಕರು ಬಿಡುತ್ತಾರೆಯೇ ಎಂದು ಕೇಳದೆ ತರಬಾರದು.

ಹಾಗಾದರೆ ಅತಿ ದುಬಾರಿಯದು ಬೇಡವೇ? ಗ್ಯಾರೇಜಿನಲ್ಲಿ ಈಗಾಗಲೇ ಒಳ್ಳೆಯ ಸ್ಕ್ಯಾನರ್ ಇದ್ದರೆ, ಎಂಜಿನ್, ಬ್ರೇಕುಗಳನ್ನೂ ಪರೀಕ್ಷಿಸುವ ದೊಡ್ಡ ಟ್ಯಾಬ್ಲೆಟ್ ಮಾದರಿಗೆ ಇನ್ನೊಮ್ಮೆ ಹಣ ಸುರಿಯುವುದು ನಮ್ಮ ಮಟ್ಟಿಗೆ ದುಂದು. ಹೊಸದಾಗಿ ಆರಂಭಿಸುವವರಿಗೆ, ಸ್ಕ್ಯಾನರೂ ಇಲ್ಲದವರಿಗೆ, ಎರಡೂ ಒಂದರಲ್ಲೇ ಇರುವುದು ಒದಗೀತು. ಲೆಕ್ಕ ಹಾಕುವ ಕ್ರಮ ಇಷ್ಟು: ಉಪಕರಣದ ಬೆಲೆಗೆ ಮೂರು ವರ್ಷದ ಅಪ್‌ಡೇಟ್ ಶುಲ್ಕವನ್ನು ಕೂಡಿಸಿ. ಕೆಲವು ತಯಾರಕರು ಮೊದಲ ವರ್ಷವೋ ಎರಡು ವರ್ಷವೋ ಪುಕ್ಕಟೆ ಕೊಟ್ಟು, ಅನಂತರ ವರ್ಷವಾರು ಹಣ ಕೇಳುತ್ತಾರೆ. ಕಟ್ಟದಿದ್ದರೆ ಹೊಸ ಮಾದರಿಗಳು ಪಟ್ಟಿಗೆ ಸೇರುವುದಿಲ್ಲ. ವಾರಕ್ಕೆ ಒಂದೇ ವಾಹನ ಬಂದರೂ ಮೂರು ವರ್ಷಕ್ಕೆ 156. ಒಟ್ಟು ಮೊತ್ತವನ್ನು ಅಷ್ಟರಿಂದ ಭಾಗಿಸಿದಾಗ ಬರುವ ಹಣವನ್ನು ಗಿರಾಕಿ ಮುಖ ಸಿಂಡರಿಸದೆ ಕೊಡುವಂತಿದ್ದರೆ ಕೊಳ್ಳಬಹುದು. ವಾರಕ್ಕೆ ಒಂದೂ ಬಾರದ ಊರಾದರೆ ಅಕ್ಕಪಕ್ಕದ ಇಬ್ಬರು ಮೂವರು ಸೇರಿ ಕೊಳ್ಳುವುದು ಲೇಸು. ಅಡಕೆ ತೋಟಕ್ಕೆ ಮದ್ದು ಬಿಡುವ ಪಂಪನ್ನು ಹಂಚಿಕೊಂಡು ಬಳಸಿ ನಮಗೆ ರೂಢಿಯಿದೆ.

ವಾಲ್ವಿನ ಮುಚ್ಚಳದಂತೆ ಹೊರಗಿನಿಂದ ಸಿಕ್ಕಿಸುವ ಸೆನ್ಸರುಗಳೂ ಟಯರಿನ ಅಂಗಡಿಯವರು ಕೊಡುವ ಬ್ಲೂಟೂತ್ ಸೆನ್ಸರುಗಳೂ ಬೇರೆ ಜಾತಿಯವು. ಅವು ತಮ್ಮದೇ ಪರದೆಯೊಡನೆ ಅಥವಾ ಮೊಬೈಲ್ ಆ್ಯಪಿನೊಡನೆ ಮಾತನಾಡುತ್ತವೆಯೇ ಹೊರತು ಕಾರಿನ ದೀಪವನ್ನು ಆರಿಸಲಾರವು. ಅದನ್ನು ಗಿರಾಕಿಗೆ ಮೊದಲೇ ಹೇಳಿಬಿಡುವುದು ಒಳಿತು.

ಉಪಕರಣ ಬಂದ ಮೇಲೆ ಅದರ ಮೊದಲ ಉಪಯೋಗ ಸೆನ್ಸರ್ ಬದಲಾಯಿಸುವುದರಲ್ಲಿ ಅಲ್ಲ. ಪಂಕ್ಚರಿಗೆ ಬಂದ ವಾಹನವಾದರೂ ಚಕ್ರ ಬಿಚ್ಚುವ ಮೊದಲು ನಾಲ್ಕನ್ನೂ ಓದಿ, ಫಲವನ್ನು ಮಾಲಿಕರಿಗೆ ತೋರಿಸಿ ಬರೆದಿಡಬೇಕು. "ನೀವು ಮುಟ್ಟಿದ ಮೇಲೆ ಕೆಟ್ಟಿತು" ಎಂಬ ಆರೋಪಕ್ಕೆ ಬೇರೆ ಉತ್ತರವಿಲ್ಲ. ಆರೋಪ ಕೆಲವೊಮ್ಮೆ ನಿಜವೂ ಆಗಿರುತ್ತದೆ: ಟಯರಿನ ಅಂಚನ್ನು ರಿಮ್ಮಿನಿಂದ ಒತ್ತಿ ಬಿಡಿಸುವಾಗ ವಾಲ್ವಿನ ಬಳಿಯೇ ಒತ್ತಿದರೆ ಪೆಟ್ಟಿಗೆ ಒಡೆಯುತ್ತದೆ. ವಾಲ್ವಿಗೆ ಎದುರು ಬದಿಯಲ್ಲಿ ಒತ್ತಬೇಕು.

ಕಡಲ ಬದಿಯ ನಮಗೆ ಇನ್ನೊಂದು ಕಷ್ಟ ಉಂಟು. ಅನೇಕ ಸೆನ್ಸರುಗಳ ವಾಲ್ವ್ ಅಲ್ಯುಮಿನಿಯಮಿನದು. ಅದಕ್ಕೆ ಸಾದಾ ಹಿತ್ತಾಳೆಯ ಕೋರ್ ಅಥವಾ ಹಿತ್ತಾಳೆಯ ಮುಚ್ಚಳ ಹಾಕಿದರೆ ಉಪ್ಪುಗಾಳಿಯಲ್ಲಿ ಎರಡು ಲೋಹಗಳು ತಿಂದುಕೊಂಡು ಕಚ್ಚಿ ಹಿಡಿಯುತ್ತವೆ; ಬಿಚ್ಚಹೋದರೆ ವಾಲ್ವೇ ತುಂಡಾಗುತ್ತದೆ. ಗಾಳಿ ಹಾಕುವಲ್ಲಿ ಮುಚ್ಚಳ ಕಳೆದುಹೋಯಿತೆಂದು ಕೈಗೆ ಸಿಕ್ಕಿದ್ದನ್ನು ತಿರುಗಿಸಿ ಕಳುಹಿಸುವ ಹುಡುಗನಿಗೆ ಇದನ್ನು ತಿಳಿಸಿ ಹೇಳಬೇಕು. ನಿಕ್ಕಲ್ ಲೇಪದ ಕೋರ್, ಪ್ಲಾಸ್ಟಿಕ್ ಮುಚ್ಚಳ, ಟಯರು ಬಿಚ್ಚಿದಾಗಲೆಲ್ಲ ಹೊಸ ರಬ್ಬರ್ ಸೀಲು, ನಟ್ಟನ್ನು ಅಳತೆಗೆ ಸರಿಯಾಗಿ ಬಿಗಿಯುವ ಸಣ್ಣ ಟಾರ್ಕ್ ರೆಂಚು: ಇಷ್ಟಕ್ಕೂ ಉಪಕರಣದ ಜೊತೆಗೇ ಹಣ ತೆಗೆದಿಡಬೇಕು.

ಕೊನೆಯದಾಗಿ ಪತ್ರ ಬರೆದ ಮಿತ್ರರಿಗೂ ಅವರಂತಹ ಇತರರಿಗೂ ಒಂದು ಸಲಹೆ. ಮುಂಗಡ ಕೊಡುವ ಮುನ್ನ ಮಾರಾಟಗಾರರನ್ನು ಉಪಕರಣದೊಂದಿಗೆ ಗ್ಯಾರೇಜಿಗೇ ಕರೆಸಿ. ನಿಮ್ಮಲ್ಲಿಗೆ ಹೆಚ್ಚಾಗಿ ಬರುವ ಮೂರು ಬಗೆಯ ವಾಹನಗಳನ್ನು ನಿಲ್ಲಿಸಿ, ಅವುಗಳಲ್ಲೊಂದು ದೇಶೀ ತಯಾರಿಕೆಯದ್ದಾಗಿರಲಿ. ಮೂರರಲ್ಲೂ ನಾಲ್ಕೂ ಸೆನ್ಸರುಗಳನ್ನು ಓದಿಸಿ, ಒಂದರಲ್ಲಾದರೂ ಖಾಲಿ ಸೆನ್ಸರಿಗೆ ಬರೆಯಿಸಿ, ಓಬಿಡಿ ಮೂಲಕ ವಾಹನಕ್ಕೆ ತಿಳಿಸಿ ದೀಪ ಆರುವುದನ್ನು ಕಣ್ಣಾರೆ ನೋಡಿ. ಅಪ್‌ಡೇಟ್ ಶುಲ್ಕವನ್ನು ಬಿಲ್ಲಿನ ಮೇಲೆಯೇ ಬರೆಯಿಸಿಕೊಳ್ಳಿ. ಇದಕ್ಕೆ ಒಪ್ಪದವರಾದರೆ ಬೇರೆ ಮಾರಾಟಗಾರರನ್ನು ಹುಡುಕಿ.