ಗದ್ದೆ ಹುಳ, ನೀರಿನ ಹುಳ

ಮಕ್ಕಳೇ, ನಾಲೆಗೆ ನೀರು ಬಿಟ್ಟ ಸಮಯದಲ್ಲಿ ಶೀಳನೆರೆ ಕಡೆ ಅಕ್ಕನ ಊರಿಗೆ ಹೋಗಿದ್ದೆ. ನಾಟಿ ಆಗಷ್ಟೇ ಮುಗಿದಿತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಂಡೆಕುಸ್ಕವೊಂದು ಬಾಲ ಕುಣಿಸುತ್ತಾ ಓಡಾಡುತ್ತಿತ್ತು. ಕಪ್ಪು ತಲೆ, ಬಿಳಿ ಹುಬ್ಬು, ಬಿಳಿ ಹೊಟ್ಟೆ. ಪುಸ್ತಕಗಳಲ್ಲಿ ಇದನ್ನು ಸಿಪಿಲೆ ಎನ್ನುತ್ತಾರೆ. ಇದರ ನೆಂಟರಲ್ಲಿ ಹಲವರು ಚಳಿಗಾಲಕ್ಕೆ ಬಂದುಹೋಗುವ ಅತಿಥಿಗಳು. ಇದು ಮಾತ್ರ ವರ್ಷವಿಡೀ ಇಲ್ಲೇ ಇರುವ ಹಕ್ಕಿ.

"ಗದ್ದೆ ತುಂಬ ಹುಳ ಅವೆ, ಇದ್ಯಾಕ್ ಮಾವ ನೀರತ್ರನೇ ಸುತ್ತಾಡ್ತದೆ?" ಎಂದಳು ಅಕ್ಕನ ಮಗಳು.

ಒಳ್ಳೇ ಪ್ರಶ್ನೆ. ನೀವು ಏರೋಪ್ಲೇನ್ ಚಿಟ್ಟೆ ಎನ್ನುತ್ತೀರಲ್ಲ, ಅದರ ಬಾಲ್ಯವೆಲ್ಲ ನೀರಿನೊಳಗೆ. ಸೊಳ್ಳೆಯದೂ ಅಷ್ಟೇ. ರೆಕ್ಕೆ ಬಂದ ಮೇಲೆ ಒಂದೆರಡು ದಿನವಷ್ಟೇ ಬದುಕುವ, ತಿನ್ನಲು ಬಾಯಿಯೇ ಕೆಲಸ ಮಾಡದ ಸಣ್ಣ ಹುಳಗಳೂ ಇವೆ. ಅವು ಬೆಳೆಯುವುದು ನೀರಿನ ಕಲ್ಲಿಗೆ ಹತ್ತಿದ ಪಾಚಿ ಮೇಯ್ದು. ಆ ಪಾಚಿಯಲ್ಲಿ ಒಂದು ಬಗೆಯ ಕೊಬ್ಬು ಇರುತ್ತದೆ. ಅಮ್ಮಂದಿರು ಕೇಳಿರುತ್ತೀರಿ, ಮೀನೆಣ್ಣೆಯ ಒಮೆಗಾ-3. ಪಾಚಿಯಿಂದ ಹುಳಕ್ಕೆ, ಹುಳದಿಂದ ಹಕ್ಕಿಮರಿಗೆ ಅದು ಸಾಗುತ್ತದೆ. ನೆಲದ ಗಿಡ ತಿಂದು ಬೆಳೆದ ಹುಳದಲ್ಲಿ ಅದು ಬಹಳ ಕಡಿಮೆ.

ಅದರಿಂದ ಅಷ್ಟೊಂದು ವ್ಯತ್ಯಾಸವಾಗುತ್ತದೆಯೇ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಕವಲುತೋಕೆ ಮರಿಗಳನ್ನು ಸಾಕಿ ನೋಡಿದರು. ಕೆಲವಕ್ಕೆ ಈ ಕೊಬ್ಬಿರುವ ಆಹಾರ, ಕೆಲವಕ್ಕೆ ಅದು ಕಡಿಮೆಯಿರುವ ಆಹಾರ. ಎರಡರಲ್ಲೂ ಕೆಲವಕ್ಕೆ ಹೊಟ್ಟೆ ತುಂಬ, ಕೆಲವಕ್ಕೆ ಸ್ವಲ್ಪವೇ. ಮರಿ ಬೇಗ ಬೆಳೆಯಲು ಎಷ್ಟು ತಿಂದಿತು ಎನ್ನುವುದಕ್ಕಿಂತ ಏನು ತಿಂದಿತು ಎನ್ನುವುದೇ ಮುಖ್ಯವಾಯಿತು! 2016ರಲ್ಲಿ ಇದು ಪ್ರಕಟವಾಯಿತು. (ತಟ್ಟೆ ತುಂಬ ಚಿಪ್ಸ್ ತಿಂದು "ಊಟ ಆಯ್ತು" ಎನ್ನುವವರು ಇದನ್ನು ಇನ್ನೊಮ್ಮೆ ಓದಿ.)

ನಮ್ಮಲ್ಲೂ ಕವಲುತೋಕೆಗಳಿವೆ. ಬಾಲದಿಂದ ತಂತಿಯಂಥ ಎರಡು ಎಳೆ ಇಳಿಬಿದ್ದ ಹಕ್ಕಿ ನೀರಿಗೆ ತಾಗುವಷ್ಟು ಕೆಳಗೆ ಹಾರಿ ಹುಳ ಹಿಡಿಯುವುದನ್ನು ನೋಡಿದ್ದೀರಾ? ಸೇತುವೆಯ ಅಡಿಯಲ್ಲಿ ಬಟ್ಟಲಿನಂಥ ಮಣ್ಣಿನ ಗೂಡು ಅದರದೇ. ಶ್ರೀರಂಗಪಟ್ಟಣದ ಹತ್ತಿರ, 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿಗೆ ಹೋದಾಗ ಎಲ್ಲರೂ ಕೊಕ್ಕರೆ, ಮೊಸಳೆ ನೋಡಿ ಬರುತ್ತಾರೆ. ದೋಣಿಯ ಪಕ್ಕದಲ್ಲೇ ಹಾರುವ, ಕತ್ತಿನಲ್ಲಿ ಗೆರೆಗಳಿರುವ ಕವಲುತೋಕೆಯ ಹಿಂಡನ್ನು ಕೇಳುವವರೇ ಇಲ್ಲ.

ನೀರಿನ ಹುಳ ಸತ್ತರೆ ಇವಕ್ಕೆ ಕಷ್ಟ. ಭತ್ತದ ಜಿಗಿಹುಳಕ್ಕೆ ಹೊಡೆಯುವ ಇಮಿಡಾಕ್ಲೋಪ್ರಿಡ್ ಎಂಬ ಔಷಧಿಯಿದೆ. ನೆದರ್ಲೆಂಡ್ಸಿನಲ್ಲಿ ಇದು ಲೀಟರ್ ನೀರಿಗೆ 20 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಂನ ನೂರು ಕೋಟಿ ಪಾಲಿನಲ್ಲಿ ಬರೀ 20 ಪಾಲು, ದಾಟಿದ್ದ ಕಡೆ ಹುಳ ತಿನ್ನುವ ಹಕ್ಕಿಗಳು ವರ್ಷಕ್ಕೆ ಸರಾಸರಿ ಶೇಕಡಾ 3.5ರಷ್ಟು ಕಡಿಮೆಯಾಗುತ್ತಿದ್ದವು. 2014ರಲ್ಲಿ ಅಲ್ಲಿನ ವಿಜ್ಞಾನಿಗಳು ಹೇಳಿದ್ದು ಇದು.

ಇದನ್ನೆಲ್ಲ ಅವಳಿಗೆ ಹೇಳಿದ್ದೆ. ಸಂಜೆ ಭಾವ ಔಷಧಿ ಹೊಡೆದ ಕ್ಯಾನ್ ತೊಳೆಯಲು ನಾಲೆಗೆ ಇಳಿಯುತ್ತಿದ್ದರು. "ಅಪ್ಪಾ, ಅಲ್ಲಿ ಬ್ಯಾಡ! ಮರಿ ಊಟ ಅದು" ಎಂದು ಕೂಗಿದಳು. ಔಷಧಿ ಹೊಡೆಯದೆ ಬೆಳೆ ಉಳಿಯಲ್ಲ ಎಂದು ಭಾವ ನನ್ನತ್ತ ಗೊಣಗಿದರು. ಅದೂ ಸುಳ್ಳಲ್ಲ. ಆಮೇಲೆ ಬಕೆಟ್ಟಿನಲ್ಲಿ ನೀರು ತಂದು, ಕ್ಯಾನ್ ಕುಲುಕಿ, ಆ ನೀರನ್ನೂ ಗದ್ದೆಗೇ ಸಿಂಪಡಿಸಿದರು.