ಮಠಗಳ ತೆರಿಗೆ ವಿನಾಯಿತಿಯೂ ಮತಯಾಚನೆಯೂ
ಶಹಾಬಾದಿನ ಗಣಿಯಲ್ಲಿ ಹಾಸುಗಲ್ಲು ಎಬ್ಬಿಸುವ ಕೂಲಿಕಾರನು ಸಾಬೂನು ಕೊಂಡರೂ ಸರಕಾರಕ್ಕೆ ತೆರಿಗೆ ತೆರುತ್ತಾನೆ. ಮಠ, ಮಸೀದಿ, ಇಗರ್ಜಿಗಳ ಕಾಣಿಕೆಗಾದರೋ ಆದಾಯ ತೆರಿಗೆಯ ವಿನಾಯಿತಿಯುಂಟು. ಅದು ಪೂಜೆ, ದಾಸೋಹ, ವಿದ್ಯಾದಾನಗಳಿಗೆ ವ್ಯಯವಾಗುವುದೆಂಬ ನಂಬಿಕೆಯಿಂದ. ಅದೇ ಅಂಗಳದಿಂದ ಚುನಾವಣೆಯ ಕಾಲಕ್ಕೆ ಪಕ್ಷದ ಪರವಾಗಿ ಅಪ್ಪಣೆ ಹೊರಟರೆ ಆ ನಂಬಿಕೆ ಉಳಿದೀತೆ?

1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯಿದೆಯು ಇದನ್ನು ನಿಷೇಧಿಸಿ, 5 ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿದೆ. ಪಾದಪೂಜೆಗೆ ತಾನೇ ಸಾಲಿನಲ್ಲಿ ನಿಲ್ಲುವ ಅಧಿಕಾರಿಯು ಸ್ವಾಮಿಗಳನ್ನು ಸೆರೆಗೆ ಕಳುಹಿಸಿಯಾನೆ? ಅದಕ್ಕಿಂತ ಆ ವರ್ಷದ ವಿನಾಯಿತಿಯನ್ನು ರದ್ದುಪಡಿಸುವುದು ಲಘುವಾದರೂ ನಡೆಯಬಲ್ಲ ದಂಡನೆ. ಸ್ವಾಮಿಗಳೂ ನಾಗರಿಕರೇ, ಮಾತನಾಡಲಿ, ಮತ ನೀಡಲಿ. ಚಿಂಚೋಳಿಯ ರೈತನು ಜಾತ್ರೆಯಲ್ಲಿ ಹುಂಡಿಗೆ ಹಾಕಿದ ಹಣದಿಂದ ಪಕ್ಷದ ಚಪ್ಪರವೇಳುವುದು ಬೇರೆಯ ಮಾತು.

ಬಸವಣ್ಣನವರೂ ಬಿಜ್ಜಳನ ಭಂಡಾರಿಗಳಾಗಿರಲಿಲ್ಲವೆ ಎಂದು ಕೆಲವರು ಕೇಳುವರು. ಆಗಿದ್ದರು, ನಿಜ. ಭಂಡಾರ ಬರಿದಾಯಿತೆಂಬ ದೂರು ಬಂದಾಗ ಅವರು ಅರಸನ ಮುಂದೆ ಹಣವನ್ನು ಎಣಿಸಿ ತೋರಿಸಿದರೆಂದೇ ಬಸವಪುರಾಣವು ಹೇಳುತ್ತದೆ.