ಊರಿಗೆ ಹೋಗುವವನ ಲೆಕ್ಕ ಚುಕ್ತಾ ಏಕೆ?

ಮೇ ತಿಂಗಳು ಬಂತೆಂದರೆ ಮುಂಬಯಿಯ ಎಷ್ಟೋ ಹೊಟೇಲುಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: “ಊರಿಗೆ ಹೋಗಬೇಕೇ? ಲೆಕ್ಕ ಚುಕ್ತಾ ಮಾಡಿಕೊಂಡು ಹೋಗು. ಬಂದ ಮೇಲೆ ಜಾಗ ಇದ್ದರೆ ನೋಡೋಣ.” ಈ ಮಾತಿನಲ್ಲಿ ಅಡಗಿರುವ ಅನ್ಯಾಯವನ್ನು ಕಾರ್ಮಿಕ ಬಂಧುಗಳು ಸ್ವಲ್ಪ ಯೋಚಿಸಬೇಕು.

ಕಳೆದ ಬೇಸಿಗೆಯಲ್ಲಿ ಕುಂದಾಪುರದ ಕಡೆಯ ಮಿತ್ರನೊಬ್ಬನ ಮನೆಯಲ್ಲಿ ನಾನು ನಾಲ್ಕು ದಿನ ಇದ್ದೆ. ಅವನು ಅಡಿಗೆ ಭಟ್ಟ. ಮೂರು ವರ್ಷಗಳ ಮೇಲೆ ಊರಿಗೆ ಬಂದಿದ್ದ. ಮೊದಲ ದಿನ ಬೆಳಗಿನ ನಾಲ್ಕು ಗಂಟೆಗೇ ಒಲೆ ಹಚ್ಚಬೇಕೆಂದು ಎದ್ದು ಕುಳಿತ. ಮೂರನೆಯ ದಿನ ಬಿಸಿಲು ಜಗಲಿಗೆ ಬಂದರೂ ಎದ್ದಿರಲಿಲ್ಲ. “ಮಲಗಲಿ, ಎಬ್ಬಿಸಬೇಡಿ” ಎಂದರು ಅವನ ತಾಯಿ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ. ಮಧ್ಯಾಹ್ನ ಹಲಸಿನ ಹಣ್ಣು. ಅಂಗಳದ ಚಾಪೆಯ ಮೇಲೆ ಒಣಗುವ ಹಪ್ಪಳವನ್ನು ಕಾಗೆ ಮುಟ್ಟದಂತೆ ಕಾಯುವುದೊಂದೇ ನಮ್ಮ ಕೆಲಸ. ದಿನವಿಡೀ ಇನ್ನೊಬ್ಬರಿಗೆ ಬಡಿಸುವವನಿಗೆ ಕುಳಿತು ಉಣ್ಣುವ ಸುಖ ಅಲ್ಲಿಯೇ ತಿಳಿಯುವುದು. ಅಪ್ಪನನ್ನು ಕಂಡು ಬಾಗಿಲ ಹಿಂದೆ ಅಡಗುತ್ತಿದ್ದ ಐದು ವರ್ಷದ ಮಗಳು ನಾಲ್ಕನೆಯ ದಿನ ಅವನ ಹೆಗಲೇರಿದ್ದಳು.

ಆದರೂ ಅವನಿಗೆ ಚಿಂತೆ: ಹಿಂತಿರುಗಿದರೆ ಕೆಲಸ ಇದೆಯೋ ಇಲ್ಲವೋ? ಅವನೂ ಲೆಕ್ಕ ಚುಕ್ತಾ ಮಾಡಿಕೊಂಡೇ ಬಂದವನು.

ಕಾನೂನು ಏನು ಹೇಳುತ್ತದೆ? ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ಪ್ರಕಾರ ವರ್ಷದಲ್ಲಿ 240 ದಿನ ದುಡಿದವನಿಗೆ ಪ್ರತಿ 20 ದಿನದ ಕೆಲಸಕ್ಕೆ 1 ದಿನದಂತೆ ಸಂಬಳ ಸಹಿತ ರಜೆ ಸಲ್ಲಬೇಕು. 300 ದಿನ ದುಡಿದರೆ 15 ದಿನ. ಉಳಿದ ರಜೆಯನ್ನು 45 ದಿನಗಳವರೆಗೆ ಕೂಡಿಡಬಹುದು. ಸಾಂದರ್ಭಿಕ ರಜೆ 8 ದಿನ ಬೇರೆ. ಈ ಕಾಯ್ದೆ ಬಂದದ್ದು 10 ಮತ್ತು ಮೇಲ್ಪಟ್ಟ ಕೆಲಸಗಾರರಿರುವ ಸಂಸ್ಥೆಗಳಿಗೆ. ಆ ಸಂಖ್ಯೆಯನ್ನು 20ಕ್ಕೆ ಏರಿಸಲು ರಾಜ್ಯ ಮಂತ್ರಿಮಂಡಲವು 2025ರ ಸೆಪ್ಟೆಂಬರಿನಲ್ಲಿ ಒಪ್ಪಿತು. ಹಾಗಾದರೆ ಚಿಕ್ಕ ಹೊಟೇಲಿನ ಮಾಣಿಗೆ ದಣಿವಿಲ್ಲವೇ? ಅವನ ಊರಿನಲ್ಲಿ ತಾಯಿ ಕಾಯುವುದಿಲ್ಲವೇ?

ಲೆಕ್ಕ ಚುಕ್ತಾದಿಂದ ಇನ್ನೊಂದು ನಷ್ಟವಿದೆ. ಗ್ರಾಚುಯಿಟಿಗೆ ಸಾಮಾನ್ಯವಾಗಿ 5 ವರ್ಷಗಳ ಅಖಂಡ ಸೇವೆ ಬೇಕು. ಊರಿಗೆ ಹೋದಾಗಲೆಲ್ಲ ಹೆಸರು ತೆಗೆದು, ಬಂದಾಗ ಹೊಸಬನೆಂದು ಬರೆದರೆ ಇಪ್ಪತ್ತು ವರ್ಷ ದುಡಿದವನೂ ದಾಖಲೆಯಲ್ಲಿ ನಿನ್ನೆ ಬಂದವನೇ ಆಗುತ್ತಾನೆ.

“ಎಲ್ಲರೂ ಮೇ ತಿಂಗಳಲ್ಲೇ ಹೊರಟರೆ ಹೊಟೇಲು ನಡೆಯುವುದು ಹೇಗೆ?” ಎಂದು ಧಣಿಗಳು ಕೇಳುತ್ತಾರೆ. ಕೇಳತಕ್ಕ ಮಾತೇ. ಅದಕ್ಕೆ ಉತ್ತರ ಸರದಿ. ಜನವರಿಯಲ್ಲೇ ಎಲ್ಲರೂ ಕೂತು ರಜೆಯ ಪಟ್ಟಿ ಮಾಡಿ ಗೋಡೆಗೆ ಅಂಟಿಸಲಿ. ಈ ವರ್ಷ ಮೇ ಸಿಕ್ಕವನಿಗೆ ಮುಂದಿನ ವರ್ಷ ಬೇರೆ ತಿಂಗಳು. 1998ರಿಂದ ಕೊಂಕಣ ರೈಲು ಪೂರ್ತಿ ಓಡುತ್ತಿರುವುದರಿಂದ ಊರು ಒಂದು ರಾತ್ರಿಯ ಪ್ರಯಾಣ. ಆದರೆ ಟಿಕೇಟು ತೆರೆಯುವುದು 60 ದಿನ ಮೊದಲು. ಹಿಂದಿನ ವಾರ ರಜೆ ಮಂಜೂರು ಮಾಡಿದರೆ ಪ್ರಯೋಜನವೇನು?

ಆದುದರಿಂದ ಮಿತ್ರರೇ, ರಜೆಯನ್ನು ಬಾಯಿಮಾತಿನಲ್ಲಿ ಕೇಳಬೇಡಿ. ಅರ್ಜಿ ಬರೆದು ಕೊಡಿ. ಒಂದು ಪ್ರತಿಯಲ್ಲಿ ಸಹಿ ಪಡೆದು ಇಟ್ಟುಕೊಳ್ಳಿ. ಬರೆಯಲು ಬಾರದವರಿಗೆ ಬರೆದುಕೊಡಲು ಸಂಘದಲ್ಲಿ ಜನರಿದ್ದಾರೆ. ಏನೇ ಆಗಲಿ, ಊರಿಗೆ ಹೋಗುವ ಸಂತೋಷದಲ್ಲಿ ಚುಕ್ತಾ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ.